ಹಾಲಿನ ಲೆಕ್ಕ ಮೊದಲು, ಊಟದ ಜಗಳ ಆಮೇಲೆ

ನನ್ನ ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ನಮ್ಮ ಮನೆಯಲ್ಲಿ ಊಟ ಅನ್ನುವುದು ಓಟವಾಗಿತ್ತು. ಮುಂದೆ ಅವನು, ಹಿಂದೆ ಬಟ್ಟಲು ಹಿಡಿದ ನಾನು. ಸೋಫಾ ಸುತ್ತ ಎರಡು ಸುತ್ತು, ಮಂಚದ ಕೆಳಗೊಂದು ತುತ್ತು, ಕಿಟಕಿಯಲ್ಲಿ ಕಾಗೆ ತೋರಿಸಿ ಇನ್ನೊಂದು. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಹೆಂಡತಿ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾಳೆ. ನಾನು ಮನೆಯಿಂದಲೇ ಕೆಲಸ ಮಾಡುವವನು. ಹಾಗಾಗಿ ಅಡುಗೆಮನೆಯೂ ಈ ಓಟವೂ ನನ್ನ ಪಾಲಿಗೆ ಬಂದವು.

ಮಗು ಬಿಳಿಚಿಕೊಂಡಿದೆ ಅಂತ ಮೊದಲು ಹೇಳಿದ್ದು ನನ್ನ ಅಮ್ಮ. ವೈದ್ಯರ ಹತ್ತಿರ ಹೋದೆವು. ರಕ್ತ ಪರೀಕ್ಷೆ ಮಾಡಿಸಿದರು, ಕಬ್ಬಿಣದ ಅಂಶ ಕಡಿಮೆ ಇತ್ತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎಷ್ಟು ತುತ್ತು ತಿಂದ ಅನ್ನುವ ಲೆಕ್ಕ ಬಾಯಿಪಾಠ ಇತ್ತು. ಹಾಲಿನ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಮನೆಗೆ ಬಂದು ಅಳೆದೆ. ಎದ್ದ ಕೂಡಲೇ 240 ಮಿಲಿ ಬಾಟಲಿ. 11 ಗಂಟೆಗೆ ಇನ್ನೊಂದು. ಮಧ್ಯಾಹ್ನ ನಿದ್ದೆ ಹತ್ತಿಸಲು ಒಂದು. ರಾತ್ರಿ ಮಲಗುವಾಗ ಒಂದು. ಒಟ್ಟು 960 ಮಿಲಿ. ಹತ್ತಿರ ಹತ್ತಿರ ಒಂದು ಲೀಟರ್! ಅಷ್ಟು ಹಾಲು ಹೊಟ್ಟೆಯಲ್ಲಿಟ್ಟುಕೊಂಡು ಅವನು ಅನ್ನಕ್ಕೆ ಎಲ್ಲಿ ಜಾಗ ಮಾಡಬೇಕಿತ್ತು ಹೇಳಿ? ಊಟ ಮಾಡದ ಮಗುವಿಗೆ "ಹಾಲಾದರೂ ಕುಡಿಯಲಿ" ಅಂತ ಕೊಡುತ್ತಿದ್ದೆವು. ಆ ಹಾಲು ಕುಡಿದದ್ದಕ್ಕೇ ಅವನು ಊಟ ಮಾಡುತ್ತಿರಲಿಲ್ಲ.

ಅದಾಗಿ ಒಂದೂವರೆ ವರ್ಷ ಆಯಿತು. ನಾನು ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ವರ್ಷದಿಂದ ಆರೇಳು ವರ್ಷದವರೆಗಿನ ಮಕ್ಕಳಿರುವ ಮನೆಗೆ ಇದು ಹೊಂದುತ್ತದೆ. ಅದಕ್ಕಿಂತ ಚಿಕ್ಕ ಕೂಸಿನ ಲೆಕ್ಕವೇ ಬೇರೆ.

ಮೂರು ದಿನ ಸುಮ್ನೆ ಬರೆಯಿರಿ

ಏನನ್ನೂ ಬದಲಾಯಿಸುವ ಮೊದಲು ಮೂರು ದಿನ ಬರೆದಿಡಿ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ಗಂಟೆ, ಏನು, ಎಷ್ಟು, ಇಷ್ಟೇ ಸಾಕು. ಕುಡಿದದ್ದನ್ನು ಅಳೆದೇ ಬರೆಯಬೇಕು. "ಒಂದು ಲೋಟ" ಅಂದರೆ ನಿಮ್ಮ ಮನೆಯಲ್ಲಿ ಎಷ್ಟು ಮಿಲಿ ಅಂತ ಒಂದು ಸಲ ನೀರು ಹಾಕಿ ನೋಡಿಕೊಳ್ಳಿ. ನಮ್ಮ ಮನೆಯ ಚಿಕ್ಕ ಲೋಟ 150 ಅಂದುಕೊಂಡಿದ್ದೆ, ಅಳೆದರೆ 210 ಇತ್ತು.

ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಬರೆಯಬೇಕು. ನಮ್ಮ ಹಾಳೆಯಲ್ಲಿ ಎರಡನೇ ದಿನ ಸಂಜೆ ಐದೂವರೆಗೆ ನನ್ನ ಅಮ್ಮನ ಅಕ್ಷರದಲ್ಲಿ "ಬಿಸ್ಕತ್ತು 4" ಅಂತ ಇತ್ತು. ಏಳು ಗಂಟೆಯ ಊಟಕ್ಕೆ ಮಗ ಯಾಕೆ ಮೂತಿ ತಿರುಗಿಸುತ್ತಿದ್ದ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇನ್ನೊಂದು ವಿಷಯ ಈ ಹಂತದಲ್ಲೇ ಗೊತ್ತಿರಬೇಕು. ಮಗು ಹುಟ್ಟಿದಾಗಿನ ತೂಕ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಮಾರು ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಏರುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. "ಮುಂಚೆ ಎಷ್ಟು ಚೆನ್ನಾಗಿ ತಿನ್ನುತ್ತಿತ್ತು, ಈಗ ಏನಾಯಿತೋ" ಅಂತ ಎಲ್ಲ ತಂದೆ ತಾಯಿಗೂ ಅನ್ನಿಸುವುದು ಇದೇ ವಯಸ್ಸಿನಲ್ಲಿ. ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ಆ ಹೆದರಿಕೆಗೆ ನಾವು ಹಾಲು ಸುರಿಯಲು ಶುರು ಮಾಡುತ್ತೇವೆ ನೋಡಿ, ಎಡವಟ್ಟು ಆಗುವುದು ಅಲ್ಲಿ.

ಕುಡಿಯುವುದನ್ನು ಸರಿಮಾಡಿ

ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ಇಲ್ಲೇ ಇದೆ.

ಒಂದು ವರ್ಷ ದಾಟಿದ ಚಿಕ್ಕ ಮಗುವಿಗೆ ದಿನಕ್ಕೆ ಸುಮಾರು 500 ಮಿಲಿ ಹಾಲು ಧಾರಾಳವಾಯಿತು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಪ್ರೋಟೀನ್ ಇದೆ, ಆದರೆ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಬೇರೆ ಆಹಾರದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನೂ ಅದು ತಡೆಯುತ್ತದೆ. ವೈದ್ಯರು ನಮಗೆ ಕಬ್ಬಿಣದ ಹನಿ ಬರೆದುಕೊಟ್ಟಾಗ ಹಾಲಿನ ಜೊತೆ ಕೊಡಬೇಡಿ ಅಂದದ್ದು ಅದಕ್ಕೇ. (ಆ ಹನಿ ಕೊಡುವಾಗ ಮಲ ಕಪ್ಪಾಗುತ್ತದೆ, ಗಾಬರಿ ಬೀಳಬೇಡಿ. ಆದರೆ ಬಾಟಲಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಕಬ್ಬಿಣದ ಔಷಧಿ ಜಾಸ್ತಿ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ.)

ಹಾಲು ಕಡಿಮೆ ಮಾಡುವುದು ಒಂದೇ ದಿನದ ಕೆಲಸ ಅಲ್ಲ. ನಾನು ಮಾಡಿದ್ದು ಹೀಗೆ. ಮೊದಲ ವಾರ 11 ಗಂಟೆಯ ಬಾಟಲಿ ತೆಗೆದೆ. ಆ ಹೊತ್ತಿಗೆ ಬಾಳೆಹಣ್ಣು, ಒಂದು ಚಿಕ್ಕ ಲೋಟ ನೀರು. ಎರಡು ದಿನ ರಂಪ, ಮೂರನೇ ದಿನ ಅವನೇ ಬಾಳೆಹಣ್ಣು ಕೇಳಿದ. ಎರಡನೇ ವಾರ ಬೆಳಗಿನ ಹಾಲನ್ನು ಬಾಟಲಿಯಿಂದ ಲೋಟಕ್ಕೆ ತಂದೆ, ಅದೂ ತಿಂಡಿಯ ಜೊತೆಗೆ, ತಿಂಡಿಗಿಂತ ಮೊದಲಲ್ಲ. ಲೋಟದಲ್ಲಿ ಕುಡಿಯುವ ಮಗು ತಾನಾಗಿಯೇ ಕಡಿಮೆ ಕುಡಿಯುತ್ತದೆ. ಬಾಟಲಿ ಚೀಪುವುದರಲ್ಲಿ ಅರ್ಧ ಹಸಿವು, ಅರ್ಧ ಸಮಾಧಾನ. ಮಧ್ಯಾಹ್ನದ್ದು ಮೂರನೇ ವಾರ ಹೋಯಿತು. ರಾತ್ರಿಯದ್ದು ಕೊನೆಗೆ. ಅದು ಕಷ್ಟ, ಸುಳ್ಳು ಹೇಳುವುದಿಲ್ಲ. ಮೂರು ರಾತ್ರಿ ಅತ್ತ. ನಾನು ಪಕ್ಕದಲ್ಲಿ ಮಲಗಿ ಬೆನ್ನು ಸವರಿದೆ. ಈಗ ರಾತ್ರಿ ಊಟದ ಜೊತೆ ಅರ್ಧ ಲೋಟ ಹಾಲು, ಆಮೇಲೆ ಹಲ್ಲುಜ್ಜುವುದು, ಆಮೇಲೆ ನೀರು ಬಿಟ್ಟು ಏನೂ ಇಲ್ಲ. ಹಾಲು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದರೆ ಮುಂದಿನ ಹಲ್ಲು ಹುಳುಕಾಗುವುದು ಬೇಗ.

ಜ್ಯೂಸ್ ವಿಷಯಕ್ಕೆ ಬಂದರೆ, ಹಣ್ಣೇ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಕೊಟ್ಟ ಸಲಹೆ ಇದು: ಒಂದು ವರ್ಷದೊಳಗಿನವರಿಗೆ ಜ್ಯೂಸ್ ಬೇಡವೇ ಬೇಡ. 1ರಿಂದ 3 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 120 ಮಿಲಿ. 4ರಿಂದ 6 ವರ್ಷದವರಿಗೆ ಹೆಚ್ಚೆಂದರೆ 180. ಅದೂ ಸಕ್ಕರೆ ಹಾಕದ, ಪೂರ್ತಿ ಹಣ್ಣಿನ ರಸ. ಅಂಗಡಿಯ ಪೊಟ್ಟಣದ ಮೇಲೆ ಹಣ್ಣಿನ ಚಿತ್ರ ಇದ್ದ ಮಾತ್ರಕ್ಕೆ ಒಳಗಿರುವುದು ಅದೇ ಆಗಬೇಕಿಲ್ಲ. ಹಿಂದೆ ತಿರುಗಿಸಿ ಓದಿ. 100 ಮಿಲಿಗೆ ಸಕ್ಕರೆ 11 ಗ್ರಾಂ ಅಂತ ಇದ್ದರೆ, 200 ಮಿಲಿ ಪೊಟ್ಟಣದಲ್ಲಿ 22 ಗ್ರಾಂ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅಂದರೆ ಐದೂವರೆ ಚಮಚ. ಈ ಲೆಕ್ಕವನ್ನು ಏಳು ವರ್ಷದ ಮಗಳ ಕೈಯಲ್ಲೇ ಮಾಡಿಸಿದೆ. ಐದೂವರೆ ಚಮಚ ಸಕ್ಕರೆಯನ್ನು ಒಂದು ತಟ್ಟೆಗೆ ಹಾಕಿ ನೋಡಿದಳು. ನನ್ನ ಉಪದೇಶ ಮಾಡದ ಕೆಲಸವನ್ನು ಆ ತಟ್ಟೆ ಮಾಡಿತು.

ಚಹಾ, ಕಾಫಿ ಮಕ್ಕಳಿಗೆ ಬೇಡ. ಚಹಾದ ಒಗರು ಕೂಡ ಊಟದ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ. ದೊಡ್ಡವರಿಗೂ ಅದೇ ಮಾತು. ಊಟದ ಜೊತೆಗೇ ಕುಡಿಯುವ ಬದಲು ಒಂದು ಗಂಟೆ ಬಿಟ್ಟು ಕುಡಿಯಿರಿ.

ನಿಮ್ಮ ಕೆಲಸ ಯಾವುದು, ಮಗುವಿನ ಕೆಲಸ ಯಾವುದು

ಎಲಿನ್ ಸ್ಯಾಟರ್ ಅಂತ ಅಮೆರಿಕದ ಒಬ್ಬ ಆಹಾರ ತಜ್ಞೆ ಇದ್ದಾರೆ. ಅವರ ಸೂತ್ರ ತುಂಬಾ ಸರಳ. ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನುವುದು ತಂದೆ ತಾಯಿಯ ತೀರ್ಮಾನ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ತೀರ್ಮಾನ. ಮೊದಲ ಸಲ ಓದಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ ಇತ್ತು. ಏನು ಬೇಕು ಅಂತ ಅವನು ಹೇಳುತ್ತಿದ್ದ, ಎಷ್ಟು ಅಂತ ನಾನು!

ಮೊದಲು ಹೊತ್ತು ಗೊತ್ತು ಮಾಡಿ. ಮೂರು ಊಟ, ಮಧ್ಯೆ ಎರಡು ಚಿಕ್ಕ ತಿಂಡಿ. ಎರಡೂವರೆ, ಮೂರು ಗಂಟೆಗೊಮ್ಮೆ ಏನಾದರೂ ಸಿಗುತ್ತದೆ ಅಂತ ಮಗುವಿಗೆ ಗೊತ್ತಿರಬೇಕು. ಮಧ್ಯೆ ನೀರು ಮಾತ್ರ. ಊಟದ ಹೊತ್ತಿಗೆ ಹಸಿವಿರಬೇಕು ಅಂದರೆ ಬೇರೆ ದಾರಿ ಇಲ್ಲ.

ಜಾಗವೂ ಒಂದೇ ಇರಲಿ. ಮೇಜಾದರೂ ಸರಿ, ನೆಲವಾದರೂ ಸರಿ, ಕೂತು ತಿನ್ನಬೇಕು. ಕಾಲಿಗೆ ಆಧಾರ ಇದ್ದರೆ ಮಗು ಹೆಚ್ಚು ಹೊತ್ತು ಕೂರುತ್ತದೆ. ನಾನು ಕುರ್ಚಿಯ ಕೆಳಗೆ ಹಳೇ ಮರದ ಪೆಟ್ಟಿಗೆ ಇಟ್ಟೆ, ಒದೆಯುವುದು ಅರ್ಧಕ್ಕೆ ಇಳಿಯಿತು. ಫೋನ್ ಬೇರೆ ಕೋಣೆಯಲ್ಲಿ. ನನ್ನದೂ ಅಲ್ಲೇ, ಇದೇ ಕಷ್ಟದ ಭಾಗ. ಇಪ್ಪತ್ತು, ಇಪ್ಪತ್ತೈದು ನಿಮಿಷ ಆದಮೇಲೆ ತಟ್ಟೆ ಎತ್ತಿ. ಮುಖ ಗಂಟು ಹಾಕಬೇಡಿ. "ಸಾಕಾ? ಸರಿ, ಕೈ ತೊಳೆದುಕೋ" ಅಂದರೆ ಮುಗಿಯಿತು.

ಬಡಿಸುವಾಗ ಪ್ರತಿ ಊಟದಲ್ಲೂ ಮಗು ಖಂಡಿತ ತಿನ್ನುವ ಒಂದು ಪದಾರ್ಥ ಇರಲಿ. ನಮ್ಮಲ್ಲಿ ಅದು ಮೊಸರು, ಇಲ್ಲವೇ ಬೇಯಿಸಿದ ಮೊಟ್ಟೆ. ಉಳಿದದ್ದು ಮನೆಮಂದಿಯೆಲ್ಲ ತಿನ್ನುವುದೇ. ಅವನಿಗೆ ಬೇರೆ ಅಡುಗೆ ಮಾಡುವುದನ್ನು ನಿಲ್ಲಿಸಿದೆ. ಒಂದೊಂದು ಪದಾರ್ಥ ಒಂದೊಂದು ದೊಡ್ಡ ಚಮಚದಷ್ಟು ಸಾಕು. ತುಂಬಿದ ತಟ್ಟೆ ನೋಡಿದರೆ ಚಿಕ್ಕ ಮಗುವಿಗೆ ಕೈಹಾಕುವ ಮೊದಲೇ ಸೋಲಾದ ಹಾಗೆ. ಕಡಿಮೆ ಹಾಕಿ, ಅವರೇ "ಇನ್ನೂ" ಅನ್ನಲಿ.

ಒಂದು ರಾತ್ರಿ ಅವನು ಎರಡು ಚಮಚ ಮೊಸರು ತಿಂದು ಎದ್ದುಬಿಟ್ಟ. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ, ಒಂದು ಬಾಳೆಹಣ್ಣು, ನನ್ನ ತಟ್ಟೆಯಿಂದ ಅರ್ಧ ಬ್ರೆಡ್ಡು ತಿಂದ. ಲೆಕ್ಕ ಹಾಕುವುದಾದರೆ ಊಟಕ್ಕೆ ಊಟ ಹಾಕಬೇಡಿ, ವಾರಕ್ಕೆ ವಾರ ಹಾಕಿ.

ಬಾಯಿಂದ ತೆಗೆದುಹಾಕಬೇಕಾದ ಮಾತು

"ಇನ್ನೊಂದೇ ಒಂದು ತುತ್ತು." ನನಗೆ ಇದನ್ನು ಬಿಡಲು ಎರಡು ತಿಂಗಳು ಬೇಕಾಯಿತು. ಇದರ ಮೇಲೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮಕ್ಕಳ ಆಹಾರದ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಲಿಯಾನ್ ಬರ್ಚ್ ಅದರಲ್ಲಿದ್ದರು. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಸೂಪ್ ಕೊಟ್ಟರು. ಕೆಲವು ಸಲ "ಸೂಪ್ ಮುಗಿಸು" ಅಂತ ಹೇಳುತ್ತಿದ್ದರು, ಕೆಲವು ಸಲ ಏನೂ ಹೇಳುತ್ತಿರಲಿಲ್ಲ. ಸುಮ್ಮನಿದ್ದಾಗಲೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯ ಮಾಡಿದಾಗ ಸೂಪ್ ಬಗ್ಗೆ ಚೆನ್ನಾಗಿಲ್ಲ ಅಂತ ಮಾತಾಡಿದ್ದೂ ಜಾಸ್ತಿ.

ಲಂಚವೂ ಹಾಗೇ. "ಬೀನ್ಸ್ ತಿಂದರೆ ಚಾಕೊಲೇಟ್" ಅಂತ ಒಂದು ಕಾಲದಲ್ಲಿ ನಡೆಸಿದ್ದೆ. ಒಂದು ದಿನ ಮಗಳು ಕೇಳಿದಳು: "ಅಪ್ಪಾ, ಬೀನ್ಸ್ ಅಷ್ಟು ಚೆನ್ನಾಗಿದ್ರೆ ಅದನ್ನ ತಿಂದಿದ್ದಕ್ಕೆ ಚಾಕೊಲೇಟ್ ಯಾಕೆ ಕೊಡ್ತೀಯ?" ಉತ್ತರ ಇರಲಿಲ್ಲ. ಈಗ ಸಿಹಿ ಇರುವ ದಿನ ಅದೂ ಊಟದ ಜೊತೆಗೇ ತಟ್ಟೆಯಲ್ಲಿರುತ್ತದೆ, ಒಂದು ತುಂಡು. ಮೊದಲು ಅದನ್ನೇ ತಿಂದರೂ ನಾನು ಏನೂ ಅನ್ನುವುದಿಲ್ಲ. ಎರಡನೇ ತುಂಡು ಇಲ್ಲ, ಅಷ್ಟೇ.

ಹೊಸ ತರಕಾರಿಯನ್ನು ಒಳಗೆ ಬಿಡುವುದು

ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಸಹಜ. ಒಂದು ತರಕಾರಿ ಅಭ್ಯಾಸವಾಗಲು ಎಂಟರಿಂದ ಹದಿನೈದು ಸಲ ಕಣ್ಣಿಗೆ, ಕೈಗೆ, ಬಾಯಿಗೆ ಬೀಳಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ "ಇವನಿಗೆ ಸೇರಲ್ಲ" ಅಂತ ಷರಾ ಬರೆದುಬಿಡುತ್ತೇವೆ. ಅದನ್ನು ಮಗುವಿನ ಮುಂದೆ ಹೇಳಬೇಡಿ. ಕೇಳಿಸಿಕೊಂಡ ಮಗು ಆ ಮಾತು ಉಳಿಸಿಕೊಳ್ಳುತ್ತದೆ.

ನಾನು ಬೀನ್ಸ್ ಒಂದನ್ನೇ ಹಿಡಿದೆ. ವಾರಕ್ಕೆ ಎರಡು ಸಲ, ತಟ್ಟೆಯ ಅಂಚಿಗೆ ಎರಡೇ ತುಂಡು. ಹಾಳೆಯಲ್ಲಿ ಬರೆಯುತ್ತಾ ಹೋದೆ. ಮೊದಲ ಸಲ ನೆಲಕ್ಕೆ ಎಸೆದ. ಎರಡನೆಯದೂ ಹಾಗೇ. ನಾಲ್ಕನೇ ಸಲ ಅಕ್ಕನ ತಟ್ಟೆಗೆ ಹಾಕಿದ. ನನಗೆ ಅದೇ ಪ್ರಗತಿ. ಆರನೇ ಸಲಕ್ಕೆ ಮೊದಲು ಅವನ ಕೈಗೆ ಹಸಿ ಬೀನ್ಸ್ ಕೊಟ್ಟು ಮುರಿಯಲು ಹೇಳಿದೆ. ಟಕ್ ಅಂತ ಸದ್ದು ಬಂದದ್ದೇ ಖುಷಿ, ಕಾಲು ಕೆಜಿ ಮುರಿದ. ತಿನ್ನಲಿಲ್ಲ. ಒಂಬತ್ತನೇ ಸಲ ಕಚ್ಚಿ ಉಗಿದ. ಉಗಿಯಲು ಬಿಡಿ. ಪಕ್ಕದಲ್ಲೊಂದು ಕಾಗದದ ಕರವಸ್ತ್ರ ಇಟ್ಟರೆ ಸಾಕು. ಉಗಿಯಬಹುದು ಅಂತ ಗೊತ್ತಿದ್ದರೆ ಬಾಯಿಗೆ ಹಾಕಲು ಧೈರ್ಯ ಬರುತ್ತದೆ.

ಕಬ್ಬಿಣಕ್ಕಾಗಿ ಬೇಳೆ, ಕಾಳು, ಸೊಪ್ಪು ಕೊಡುವವರು ಬಡಿಸುವಾಗ ಮೇಲೆ ನಾಲ್ಕು ಹನಿ ನಿಂಬೆ ಹಿಂಡಿ, ಇಲ್ಲವೇ ಜೊತೆಗೆ ಕಿತ್ತಳೆ, ಟೊಮೆಟೊ ಇಡಿ. ವಿಟಮಿನ್ ಸಿ ಇದ್ದರೆ ಗಿಡದ ಮೂಲದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ನಿಂಬೆಯನ್ನು ಒಲೆ ಆರಿಸಿದ ಮೇಲೆ ಹಿಂಡಬೇಕು, ಕುದಿಸಿದರೆ ಆ ವಿಟಮಿನ್ ಕಡಿಮೆಯಾಗುತ್ತದೆ. ಮಾಂಸ, ಮೀನು ತಿನ್ನುವ ಮನೆಯಾದರೆ ಅದರ ಕಬ್ಬಿಣ ಇನ್ನೂ ಸುಲಭವಾಗಿ ಸಿಗುತ್ತದೆ.

ಗಂಟಲು, ತಂಗಳು, ಭೇದಿ

ಇವು ಮೂರು ಸಣ್ಣ ವಿಷಯ ಅಲ್ಲ, ಆದರೆ ನಿಯಮ ಚಿಕ್ಕದು.

ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಹಸಿ ಕ್ಯಾರೆಟ್ ತುರಿಯಿರಿ ಇಲ್ಲವೇ ಬೇಯಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಬಾದಾಮಿ ಕೊಡಬೇಡಿ. ಪುಡಿ ಮಾಡಿ ಕೊಡಬಹುದು. ಜೇನುತುಪ್ಪ ಒಂದು ವರ್ಷದೊಳಗೆ ಒಂದು ಹನಿಯೂ ಬೇಡ, ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಓಡುತ್ತಾ ತಿನ್ನಿಸುವುದು ಎಷ್ಟು ದೊಡ್ಡ ತಪ್ಪು ಅಂತ ನನಗೆ ಗೊತ್ತಾದದ್ದು ತಡವಾಗಿ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ. ಉಸಿರು ಕಟ್ಟಿದ ಮಗುವಿಗೆ ಸದ್ದೇ ಬರುವುದಿಲ್ಲ. ಹಾಗಾಗಿ ಎದುರಿಗೆ ಕೂರಲೇಬೇಕು. ಪ್ರಥಮ ಚಿಕಿತ್ಸೆಯ ತರಗತಿ ಹತ್ತಿರದಲ್ಲಿ ನಡೆದರೆ ಹೋಗಿ ಬನ್ನಿ, ಓದಿ ಕಲಿಯುವ ವಿಷಯ ಅಲ್ಲ ಅದು.

ಉಳಿದ ಅನ್ನವನ್ನು ರಾತ್ರಿಯಿಡೀ ಪಾತ್ರೆಯಲ್ಲೇ ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗಿಡಿ, ಮರುದಿನ ಮುಗಿಸಿ. ಬಿಸಿ ಮಾಡುವುದು ಒಂದೇ ಸಲ, ಹೊಗೆಯಾಡುವಷ್ಟು.

ವಾಂತಿ ಭೇದಿ ಆದಾಗ ಒಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಪೂರ್ತಿ ಪುಡಿ ಹಾಕಿ. ಲೋಟಕ್ಕೆ ಇಷ್ಟು ಚಮಚ ಅಂತ ಅಂದಾಜಿನಲ್ಲಿ ಬೆರೆಸಬೇಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಜ್ಯೂಸ್, ಸೋಡಾ ಆ ಹೊತ್ತಿಗೆ ಭೇದಿ ಹೆಚ್ಚಿಸುತ್ತವೆ. ಆರೆಂಟು ಗಂಟೆ ಮೂತ್ರ ಇಲ್ಲ, ಅಳುವಾಗ ಕಣ್ಣೀರಿಲ್ಲ, ಮಗು ಮಂಕಾಗಿದೆ ಅಂದರೆ ಕಾಯಬೇಡಿ, ವೈದ್ಯರ ಹತ್ತಿರ ಹೊರಡಿ. ಊಟದ ತಕರಾರಿನಲ್ಲೂ ಹಾಗೆಯೇ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಪ್ರತಿ ಸಲ ಕೆಮ್ಮಿದರೆ, ಅದು ಹಠ ಅಲ್ಲ, ತೋರಿಸಿ.

ಅಜ್ಜಿಯನ್ನು ಒಪ್ಪಿಸುವುದು

ಅಮ್ಮನಿಗೆ ನಿಯಮ ಹೇಳಿದರೆ ಕೋಪ. "ನಿನ್ನನ್ನ ಹೀಗೇ ಬೆಳೆಸಿದ್ದು" ಅನ್ನುವ ಮಾತು ಬರುತ್ತದೆ, ಅದಕ್ಕೆ ಎದುರಾಡಿ ಗೆದ್ದವರಿಲ್ಲ. ನಾನು ಬೇಡ ಅನ್ನುವುದನ್ನು ಬಿಟ್ಟು ಒಂದು ಕೆಲಸ ಕೊಟ್ಟೆ. ಸಂಜೆ ನಾಲ್ಕರ ತಿಂಡಿ ಪೂರ್ತಿ ಅಜ್ಜಿಯದು. ಏನು ಕೊಡಬೇಕು ಅಂತ ಅವಳೇ ತೀರ್ಮಾನಿಸಲಿ, ಬಿಸ್ಕತ್ತೇ ಆಗಲಿ, ಆದರೆ ಹೊತ್ತು ನಾಲ್ಕು. ಐದೂವರೆಯ ಬಿಸ್ಕತ್ತು ಮಾಯವಾಯಿತು. ಎರಡು ವಾರದಲ್ಲಿ ಅವಳೇ ಹಣ್ಣು ಹೆಚ್ಚಿ ಕಾಯತೊಡಗಿದಳು. ಮೊಮ್ಮಗ ತಟ್ಟೆ ಹಿಡಿದು ಬರುವುದು ಅವಳಿಗೂ ಬೇಕಿತ್ತು.

ಮತ್ತೆ ಮೂರು ದಿನ ಬರೆಯಿರಿ

ಆರು ವಾರ ಆದಮೇಲೆ ಹೊಸ ಹಾಳೆ ಅಂಟಿಸಿ, ಅದೇ ರೀತಿ ಮೂರು ದಿನ ಬರೆದು ಹಳೆಯದರ ಪಕ್ಕ ಇಟ್ಟು ನೋಡಿ. ನಮ್ಮ ಎರಡನೇ ಹಾಳೆಯಲ್ಲಿ ಹಾಲು 420 ಮಿಲಿ ಇತ್ತು. ಊಟ ಇಪ್ಪತ್ತೆರಡು ನಿಮಿಷ. ಮೂರು ತಿಂಗಳ ನಂತರ ಮತ್ತೆ ರಕ್ತ ನೋಡಿದಾಗ ಕಬ್ಬಿಣ ಸರಿಯಾಗಿತ್ತು. ಬೀನ್ಸ್ ಸಾಲಿನಲ್ಲಿ ಹನ್ನೆರಡನೇ ಸಲದ ಎದುರು "ಒಂದು ತುಂಡು ನುಂಗಿದ" ಅಂತ ಬರೆದಿದ್ದೇನೆ. ಹದಿಮೂರನೆಯದರ ಎದುರು "ಎಸೆದ". ಈ ವಾರ ಹದಿನಾಲ್ಕನೆಯದು.